ಕತ್ತಿನ ಮೇಲೆ ಅವಳ ಬೆರಳು

ಕೊಪ್ಪ
15 ನವೆಂಬರ್ 2023

ಅಕ್ಕಾ,

ಇಲ್ಲಿ ಎಲ್ಲ ಆರೋಗ್ಯ ಎಂದು ಬರೆದು ಮುಂದಿನ ಮಾತಿಗೆ ಹೋಗುವುದು ನಮ್ಮಿಬ್ಬರ ರೂಢಿ. ಈ ಸಲ ಆ ಸಾಲನ್ನು ಬಿಟ್ಟೇ ಶುರು ಮಾಡುತ್ತಿದ್ದೇನೆ. ಹಬ್ಬಕ್ಕೆ ಬರಲಿಲ್ಲವೆಂದು ನೀನು ಸಿಟ್ಟಾಗಿದ್ದೀ ಎಂದು ರೇಣುಕಪ್ಪ ಭಾವ ಫೋನಿನಲ್ಲಿ ಹೇಳಿದರು. ಅವರಿಗೆ ನಿಜ ಹೇಳಲಿಲ್ಲ. ಅವರಿಗೆ ಹೇಳಿದರೆ ಮುತ್ತಿನಕೊಪ್ಪದ ಸರ್ಕಲ್ಲಿಗೆಲ್ಲ ಹೇಳಿದ ಹಾಗೆ. ನಿನ್ನ ಕಿವಿಗೆ ಫೋನು ಆಗಿಬರುವುದಿಲ್ಲ. ಹಾಗಾಗಿ ಈ ಕಾಗದ.

ಮಳೆಗಾಲ ಕಳೆಯುವ ಹೊತ್ತಿಗೆ ನನಗೊಂದು ವಿಚಿತ್ರ ಶುರುವಾಯಿತು. ಅಂಗಿ ಮೈಗೆ ಸಡಿಲ, ಕಾಲರ್ ಮಾತ್ರ ಬಿಗಿ. ಇಷ್ಟು ವರ್ಷ ಕೊಪ್ಪದವರಿಗೆ ಅಂಗಿ ಹೊಲಿದವನು ನಾನು. ಅಂಥ ಅಳತೆಯ ಮನುಷ್ಯನನ್ನು ನೋಡಿರಲಿಲ್ಲ. ಅಂಗಡಿಯಲ್ಲಿ ನನ್ನ ಜೊತೆ ಹೊಲಿಯುವ ಸುಂದರೇಶ್, "ಸೋಮಣ್ಣ, ನಿಮ್ಮ ಅಂಗೀನೇ ತಪ್ಪಿ ಕಟ್ ಮಾಡಿದ್ರಲ್ಲ ಮಾರಾಯ್ರೆ" ಎಂದು ನಕ್ಕ. ತಪ್ಪಿದ್ದು ಅಂಗಿಯಲ್ಲ. ಕತ್ತಿನ ಎಡಗಡೆ ನೆಲ್ಲಿಕಾಯಿಯಷ್ಟು ಗಂಟು. ಮುಟ್ಟಿದರೆ ನೋವಿಲ್ಲ. ಸಂಜೆಯಾದರೆ ಸಣ್ಣ ಜ್ವರ, ಮಲಗಿದರೆ ಬನಿಯನ್ನು ಹಿಂಡುವಷ್ಟು ಬೆವರು, ಮೈಯೆಲ್ಲ ತುರಿಕೆ. ಗೋದಾವರಿ ಹಟ ಹಿಡಿದು ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಲಿಂಫೋಮ ಅಂತೆ. ಸೋಂಕು ತಡೆಯಲೆಂದು ಮೈಯಲ್ಲಿ ಅಲ್ಲಲ್ಲಿ ಇರುವ ಸಣ್ಣ ಗಂಟುಗಳೇ ಕೆಟ್ಟು ಬೆಳೆಯುವ ಕಾಯಿಲೆ. ಸುತ್ತಿ ಬಳಸಿ ಹೇಳುವುದಿಲ್ಲ ಅಕ್ಕ, ಕ್ಯಾನ್ಸರೇ. ಆದರೆ ವಾಸಿಯಾಗುವ ಜಾತಿಯದು ಎಂದರು. ಮೂರು ವಾರಕ್ಕೊಂದು ಸಲ ಔಷಧಿ ಹತ್ತಿಸುತ್ತಾರೆ, ಒಟ್ಟು ಆರು ಸಲ. ಬರುವ ಸೋಮವಾರ ಮೊದಲನೆಯದು.

ಒಂದು ಮಾತು. ಇದನ್ನು ಯಾರಿಗೂ ಹೇಳುವುದು ಬೇಡ ಎಂದು ಗೋದಾವರಿ ಹೇಳಿದ್ದಾಳೆ. ಯಾಕೆಂದು ಕೇಳಿದರೆ, "ಸುಮ್ನೆ ಜನ ಸೇರ್ತಾರೆ" ಎನ್ನುತ್ತಾಳೆ. ಶಿವಮೊಗ್ಗದ ಬಸ್ಸು ನಿಮ್ಮೂರಿನ ಮೇಲೇ ಹೋಯಿತು. ಇಳಿದು ಅಕ್ಕನನ್ನು ನೋಡಿ ಹೋಗೋಣ ಎಂದೆ. ಕಿಟಕಿಯ ಕಡೆ ಮುಖ ಮಾಡಿ "ಈಗ ಬ್ಯಾಡ" ಎಂದಳು. ನಿನಗೆ ಬರೆದದ್ದು ಅವಳಿಗೆ ಗೊತ್ತಿಲ್ಲ. ಉತ್ತರವನ್ನು ಅಂಗಡಿಯ ವಿಳಾಸಕ್ಕೆ ಹಾಕು. ಸುಂದರೇಶ್ ತಂದುಕೊಡುತ್ತಾನೆ.

ನಿನ್ನ ಸೋಮು

*

ಮುತ್ತಿನಕೊಪ್ಪ
18 ನವೆಂಬರ್ 2023

ಸೋಮು,

ನಿನ್ನ ಕಾಗದ ಓದಿ ಅಲ್ಲೇ ಜಗಲಿಯ ಮೇಲೆ ಕುಳಿತೆ. ನಿನ್ನ ಭಾವ ಕಾಫಿ ಕೇಳಿದ್ದು ಕೇಳಿಸಲಿಲ್ಲ. ಕಿವುಡಿ ಎಂದು ಅವರೇ ಕಾಯಿಸಿಕೊಂಡರು.

ನೀನು ಗಟ್ಟಿ ಮನುಷ್ಯ, ವಾಸಿಯಾಗುತ್ತೀ. ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಅನುಮಾನವೆಲ್ಲ ಬೇರೆ ಕಡೆ. ಗಂಟು ಕಂಡು ಎರಡು ತಿಂಗಳಾಗಿದೆ, ಒಡಹುಟ್ಟಿದವಳಿಗೆ ಸುದ್ದಿಯಿಲ್ಲ. ಜನ ಸೇರುತ್ತಾರೆ ಎನ್ನುತ್ತಾಳಂತೆ. ನಾನು ಜನವೇ? ಕಿಗ್ಗದ ಭಟ್ಟರ ಮನೆಯ ಹುಡುಗಿಯನ್ನು ನೀನು ಮದುವೆಯಾಗಿ ಕರೆತಂದಾಗ ನಾನು ಬಾಯಿ ಬಿಡಲಿಲ್ಲ, ಮದುವೆಗೂ ಬರಲಿಲ್ಲ. ಅವಳು ಆ ಲೆಕ್ಕವನ್ನು ಈಗ ಚುಕ್ತಾ ಮಾಡುತ್ತಿದ್ದಾಳೆಯೇ ಎಂದು ಯೋಚನೆಯಾಗುತ್ತದೆ. ನಿಮಗೆ ಮಕ್ಕಳೂ ಇಲ್ಲ. ಮನೆಯಲ್ಲಿ ಅವಳು ಹೇಳಿದ್ದೇ ಮಾತು, ನೋಡುವವರು ಯಾರು?

ಏನು ತಿನ್ನಿಸುತ್ತಾಳೆ, ಯಾರನ್ನು ಒಳಗೆ ಬಿಡುತ್ತಾಳೆ, ಡಾಕ್ಟರ ಹತ್ತಿರ ನಿನ್ನನ್ನು ಹೊರಗೆ ಕೂರಿಸಿ ಏನು ಮಾತಾಡುತ್ತಾಳೆ, ಎಲ್ಲ ಬರೆ. ನಮ್ಮ ಕರಿಬಸವಯ್ಯನವರಿಗೆ ಹೇಳಿದ್ದೇನೆ. ವಿಭೂತಿ ತೆಗೆದುಕೊಂಡು ಮುಂದಿನ ವಾರ ಕೊಪ್ಪಕ್ಕೆ ಬರುತ್ತಾರೆ. ಹಣೆಗೆ ಹಚ್ಚಿಸಿಕೊ.

ಬಸವಮ್ಮ

*

ಕೊಪ್ಪ
23 ನವೆಂಬರ್ 2023

ಅಕ್ಕಾ,

ನಿದ್ದೆಯಿಲ್ಲ. ಮಲಗಿದರೆ ಎದೆಯೊಳಗೆ ಮೆಷಿನ್ ಓಡಿದ ಹಾಗೆ. ಹಸಿವು ಮಾತ್ರ ರಾಕ್ಷಸನದು. ಬೆಳಿಗ್ಗೆ ಅವಳು ಒಂದು ಹಿಡಿ ಬಿಳಿ ಮಾತ್ರೆ ಕೊಟ್ಟು, ನುಂಗುವವರೆಗೂ ಎದುರು ನಿಂತಿರುತ್ತಾಳೆ. ಬಾಯಿ ತೆರೆದು ತೋರಿಸಬೇಕೋ ಏನೋ.

ಸೋಮವಾರ ಕೈಯ ನರಕ್ಕೆ ಔಷಧಿ ಹತ್ತಿಸಿದರು. ಅದರಲ್ಲೊಂದು ಕುಂಕುಮದ ನೀರಿನ ಹಾಗೆ ಕೆಂಪು. ಮನೆಗೆ ಬಂದು ಬಚ್ಚಲಿಗೆ ಹೋದರೆ ಮೂತ್ರ ಕೆಂಪಗೆ. "ರಕ್ತ ಹೋಗ್ತಿದೆ ಕಣೇ" ಎಂದು ಕೂಗಿದೆ. ಅವಳು ಅಡಿಗೆಮನೆಯಿಂದಲೇ, "ರಕ್ತ ಅಲ್ಲ, ಔಷಧಿ ಬಣ್ಣ. ನರ್ಸ್ ಹೇಳಿದ್ರು" ಎಂದಳು. ನರ್ಸ್ ಹೇಳಿದ್ದು ಯಾರಿಗೆ? ನನಗೋ ಅವಳಿಗೋ? ನನ್ನ ಮೈಯಿಂದ ಏನು ಹೋಗುತ್ತದೆಂದು ನನಗಿಂತ ಮೊದಲು ಅವಳಿಗೆ ಗೊತ್ತು. ಇನ್ನೇನೇನು ಗೊತ್ತಿದೆಯೋ.

ನೀನು ಬರೆ ಎಂದದ್ದಕ್ಕೆ ಗಮನಿಸಿದೆ. ಇದುವರೆಗೆ ಗಮನಿಸಿರಲಿಲ್ಲ. ನನ್ನ ತಟ್ಟೆ, ಲೋಟ, ಚಮಚ ಬೇರೆ ಮಾಡಿದ್ದಾಳೆ. ಬೇರೆ ಪಾತ್ರೆಗಳ ಜೊತೆ ತೊಳೆಯುವುದಿಲ್ಲ. ಟವೆಲು ಬೇರೆ. ಮೊನ್ನೆ ಅವಳ ಲೋಟದಲ್ಲಿ ನೀರು ಕುಡಿಯಲು ಹೋದರೆ ಕೈಯಿಂದ ಕಿತ್ತುಕೊಂಡಳು. ಬಾಳೆಹಣ್ಣು ತಾನೇ ಸುಲಿದು ಕೊಡುತ್ತಾಳೆ. ಮೊಸರು ಇಲ್ಲ, ಕೋಸಂಬರಿ ಇಲ್ಲ, ಕುದಿಸಿದ್ದೇ ಎಲ್ಲ.

ಕರಿಬಸವಯ್ಯನವರು ನಿನ್ನೆ ಬಂದಿದ್ದರು. ಕಿಟಕಿಯಿಂದ ನೋಡಿದೆ. ಅವರು ಗೇಟಿನಲ್ಲಿ, ಇವಳು ಬಾಗಿಲಲ್ಲಿ. "ಅಯ್ಯನೋರೆ, ಅವ್ರು ಮಲಗಿದ್ದಾರೆ, ಇನ್ನೊಂದ್ಸಲ ಬನ್ನಿ" ಎಂದಳು. ನಾನು ಮಲಗಿರಲಿಲ್ಲ ಅಕ್ಕ. ನಾನು ನಿಂತೇ ಇದ್ದೆ.

ದಿನಾ ಒಬ್ಬ ನರ್ಸ್ ಬಂದು ಹೊಟ್ಟೆಗೆ ಇಂಜೆಕ್ಷನ್ ಚುಚ್ಚುತ್ತಾಳೆ. ಚುಚ್ಚಿದ ಮೇಲೆ ಸೊಂಟದ ಮೂಳೆ, ತೊಡೆಯ ಮೂಳೆ ಒಳಗಿನಿಂದ ಜಗಿದ ಹಾಗೆ ನೋಯುತ್ತದೆ. ಇದು ವಾಸಿಮಾಡುವ ಔಷಧಿಯ ಲಕ್ಷಣವೇ?

ಸೋಮು

*

ಮುತ್ತಿನಕೊಪ್ಪ
27 ನವೆಂಬರ್ 2023

ಸೋಮು,

ತಟ್ಟೆಯ ವಿಷಯ ಓದಿದ ಮೇಲೆ ನನ್ನ ಮೈ ಉರಿಯುತ್ತಿದೆ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಉಂಡವಳಿಗೆ ಈಗ ಮಡಿ ನೆನಪಾಯಿತೇ? ರಕ್ತದಲ್ಲಿ ಬಂದದ್ದು ಎಲ್ಲಿಗೆ ಹೋಗುತ್ತದೆ! ಗಂಡ ಗಟ್ಟಿಯಾಗಿರುವಾಗ ಮುಚ್ಚಿಟ್ಟುಕೊಂಡಿದ್ದಳು, ಹಾಸಿಗೆ ಹಿಡಿದ ಮೇಲೆ ಹೊರಗೆ ತೆಗೆದಳು. ನಮ್ಮ ಮನೆಯ ಅಯ್ಯನವರನ್ನು ಗೇಟಿನಿಂದಲೇ ತಿರುಗಿಸಿ ಕಳಿಸಿದಳಲ್ಲ! ಅವರು ದೊಡ್ಡ ಮನುಷ್ಯರು, "ಪಾಪ, ಆ ಹೆಣ್ಣುಮಗಳು ಸೋತುಹೋಗಿದೆ" ಎಂದರು. ನನಗೆ ಮೋಸ ಮಾಡಲಾಗುವುದಿಲ್ಲ. ಅಂಗನವಾಡಿಯಲ್ಲಿ ಎಷ್ಟು ತಾಯಂದಿರನ್ನು ನೋಡಿದ್ದೇನೆ, ಮುಖ ನೋಡಿದರೆ ಹೇಳುತ್ತೇನೆ.

ಈ ವಾರ ನಾನೇ ಬರುತ್ತೇನೆ. ಅವಳಿಗೆ ಹೇಳಬೇಡ.

ಬಸವಮ್ಮ

*

ಕೊಪ್ಪ
7 ಡಿಸೆಂಬರ್ 2023

ಅಕ್ಕಾ,

ಬರುತ್ತೇನೆ ಎಂದವಳು ಬರಲಿಲ್ಲ. ದಿನವೂ ಬಸ್ಸಿನ ಹೊತ್ತಿಗೆ ರಸ್ತೆ ನೋಡಿದೆ. ನಿನ್ನ ಮಂಡಿನೋವು ಜಾಸ್ತಿಯಾಯಿತೇ? ಅಥವಾ ಕ್ಯಾನ್ಸರ್ ಎಂದು ನಿನಗೂ ಹಿಂಜರಿಕೆಯೇ? ಬೇಜಾರಿಲ್ಲ, ಸುಮ್ಮನೆ ಕೇಳಿದೆ.

ಈಗ ಸ್ವಲ್ಪ ಸಮಾಧಾನ. ನಿದ್ದೆ ಬರುತ್ತಿದೆ. ಹಿಂದಿನ ಕಾಗದದಲ್ಲಿ ಏನೇನೋ ಬರೆದೆ ಅನ್ನಿಸುತ್ತದೆ, ಮನಸ್ಸಿಗೆ ಹಾಕಿಕೊಳ್ಳಬೇಡ. ಬಾಯೊಳಗೆಲ್ಲ ಹುಣ್ಣು. ಗಂಜಿ ಕುಡಿದರೂ ಖಾರ. ಕಾಫಿ ಕುಡಿದರೆ ತುಕ್ಕುಹಿಡಿದ ಸೂಜಿ ನೆಕ್ಕಿದ ರುಚಿ. ಗೋದಾವರಿ ಉಪ್ಪುನೀರು ಮಾಡಿ ಕೊಡುತ್ತಾಳೆ, ಮುಕ್ಕಳಿಸುತ್ತೇನೆ. ಕೂದಲು ದಿಂಬಿಗೆ ಅಂಟಿಕೊಂಡು ಉಳಿಯಲು ಶುರುವಾಯಿತು. ಸುಂದರೇಶ್ ಬಂದು ಅಂಗಳದಲ್ಲಿ ಕೂರಿಸಿ ಬೋಳಿಸಿದ. ಮಾಸ್ಕ್ ಹಾಕಿಕೊಂಡೇ ಬೋಳಿಸಬೇಕೆಂದು ಇವಳ ಅಪ್ಪಣೆ. "ಸೋಮಣ್ಣ, ನಿಮ್ ತಲೆ ಇಷ್ಟು ಚಂದ ಇತ್ತಾ? ಇಷ್ಟ್ ದಿನ ಮುಚ್ಚಿಟ್ಟಿದ್ರಲ್ಲ" ಎಂದ. ಮೂವರೂ ನಕ್ಕೆವು. ಅವಳು ನಗುತ್ತ ಒಳಗೆ ಹೋದವಳು ತುಂಬ ಹೊತ್ತು ಹೊರಗೆ ಬರಲಿಲ್ಲ.

ಗಂಟು ಕರಗಿದೆ ಅಕ್ಕ. ನಿಜವಾಗಿ. ಕಾಲರಿನ ಗುಂಡಿ ಹಾಕಿದೆ, ಹಿಡಿಯಿತು. ಆದರೆ ಹಾಕುವಾಗ ಇನ್ನೊಂದು ಗೊತ್ತಾಯಿತು. ಬೆರಳ ತುದಿಗೆ ಗುಂಡಿ ಸಿಕ್ಕಿದ್ದೇ ತಿಳಿಯುವುದಿಲ್ಲ. ಬಟ್ಟೆ ಸುತ್ತಿದ ಬೆರಳಿನಿಂದ ಮುಟ್ಟಿದ ಹಾಗೆ. ಇದನ್ನು ಅವಳಿಗೆ ಹೇಳಿಲ್ಲ.

ಸೋಮವಾರ ಎರಡನೆಯ ಸಲ.

ಸೋಮು

*

ಮುತ್ತಿನಕೊಪ್ಪ
9 ಡಿಸೆಂಬರ್ 2023

ಸೋಮು,

ನಾನು ಬರಲಿಲ್ಲ ಎಂದು ನಿನಗೆ ಹೇಳಿದವರು ಯಾರು?

ಹೋದ ವಾರ ಶುಕ್ರವಾರ ಬಂದಿದ್ದೆ. ಎನ್.ಆರ್. ಪುರದಲ್ಲಿ ಬಸ್ಸು ಬದಲಿಸಿ, ಕಡುಬು ಕಟ್ಟಿಕೊಂಡು ಬಂದಿದ್ದೆ. ನಿನ್ನ ಹೆಂಡತಿ ಬಾಗಿಲು ತೆರೆದಳು. ನನಗೆ ಎರಡು ಕೆಮ್ಮು ಬಂತು, ಧೂಳಿನ ಕೆಮ್ಮು. ಅಷ್ಟೇ ಸಾಕಾಯಿತು ಅವಳಿಗೆ. ಬಾಗಿಲಿಗೆ ಅಡ್ಡ ಕೈಯಿಟ್ಟಳು. ಬಾಯಿ ಆಡುತ್ತಿದ್ದದ್ದು ಕಂಡಿತು, ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರಿಂದ ತುಟಿ ಕಾಣದೆ ಒಂದು ಮಾತೂ ತಿಳಿಯಲಿಲ್ಲ. ಕೊನೆಗೆ ಕೈ ಮುಗಿದಳು. ಕೈ ಮುಗಿದು ಮನೆಯಿಂದ ಹೊರಗೆ ಹಾಕುವುದನ್ನು ಮೊದಲ ಸಲ ನೋಡಿದೆ. ಕಡುಬನ್ನು ಇಸಿದುಕೊಂಡಳು. ನಿನಗೆ ಕೊಟ್ಟಳೋ?

ನಿನಗೆ ಹೇಳುತ್ತಾಳೆ, ನೀನೇ ಬರೆಯುತ್ತೀ ಎಂದು ಕಾದೆ. ಈಗ ನಿನ್ನ ಕಾಗದ ನೋಡಿ ಗೊತ್ತಾಯಿತು. ನಿನ್ನಿಂದ ಏನನ್ನು ಮುಚ್ಚಿಡುತ್ತಾಳೆ ಎಂದು ನಾನು ಕೇಳುತ್ತಿದ್ದೆ. ಇಗೋ, ನನ್ನನ್ನೇ ಮುಚ್ಚಿಟ್ಟಿದ್ದಾಳೆ.

ನಮ್ಮ ಮನೆಗೆ ಬಾ. ಇಲ್ಲಿ ನಿನ್ನ ತಟ್ಟೆ ಯಾರೂ ಬೇರೆ ಇಡುವುದಿಲ್ಲ.

ಬಸವಮ್ಮ

*

ಕೊಪ್ಪ
14 ಡಿಸೆಂಬರ್ 2023

ಅಕ್ಕಾ,

ಅಕ್ಷರ ವಕ್ರವಾಗಿದ್ದರೆ ಬೆರಳಿನದು ತಪ್ಪು. ನನಗೆ ಬುದ್ಧಿ ಸರಿಯಿದೆ.

ಕೇಳಿದೆ. "ಅಕ್ಕ ಬಂದಿದ್ಲಾ?" ಎಂದೆ. ಪಾತ್ರೆ ಉಜ್ಜುತ್ತಿದ್ದವಳು ತಿರುಗಲಿಲ್ಲ.

"ಬಂದಿದ್ರು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬಸ್‌ಸ್ಟ್ಯಾಂಡಿಗೆ ಓಡ್ತಿದ್ರಿ. ಅವ್ರಿಗೆ ಕೆಮ್ಮಿತ್ತು."

"ಕಡುಬು?"

"ನಾನು ತಿಂದೆ."

ಹಾಗೇ ಹೇಳಿದಳು ಅಕ್ಕ, ನಾಚಿಕೆಯಿಲ್ಲದೆ. ನಾನು ಕೈಯಲ್ಲಿದ್ದ ಲೋಟ ಎಸೆದೆ. ಅವಳಿಗೆ ತಾಗಲಿಲ್ಲ, ಗೋಡೆಗೆ ತಾಗಿತು. ಮರುದಿನದಿಂದ ನನ್ನ ಕತ್ತರಿ ಕಾಣುತ್ತಿಲ್ಲ. ಚಾಕು ಅಡಿಗೆಮನೆಯ ಮೇಲಿನ ಕಪಾಟಿಗೆ ಹೋಗಿದೆ. ಕತ್ತರಿ ಟೈಲರನ ಕೈ ಅಲ್ಲವೇ? ಕೈ ಕತ್ತರಿಸಿಟ್ಟಿದ್ದಾಳೆ.

ಕೇಳು. ಫೋನಿನಲ್ಲಿ ಕಿಗ್ಗದ ಅವಳ ತಮ್ಮ ಯಜ್ಞೇಶನ ಹತ್ತಿರ ಮಾತಾಡುತ್ತಿದ್ದಳು, ಅವರ ಮನೆಮಾತಿನಲ್ಲಿ. ನನಗೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದಾಳೆ. ಇಷ್ಟು ವರ್ಷದಲ್ಲಿ ಅಷ್ಟೂ ಕಲಿತಿಲ್ಲವೇ ನಾನು? "ಡಾಕ್ಟರು ಹೇಳಿದ್ದನ್ನ ಈಗ್ಲೇ ಅವ್ರಿಗೆ ಹೇಳಡ ಮಾಣಿ. ಗೊತ್ತಾದ್ರೆ ಮಾತ್ರೆ ಬಿಡ್ತ್ರು" ಎಂದಳು. ಡಾಕ್ಟರು ಏನು ಹೇಳಿದ್ದಾರೆ? ಏನು ಗೊತ್ತಾದರೆ ನಾನು ಮಾತ್ರೆ ಬಿಡುತ್ತೇನೆ? ಬಿಡುವಂಥದ್ದು ಆ ಮಾತ್ರೆಯಲ್ಲಿ ಏನಿದೆ?

ತಟ್ಟೆಯ ಬಗ್ಗೆ ಬರೆದ ನಿನ್ನ ಕಾಗದದ ಅಂಟು ಬಿಟ್ಟುಹೋಗಿತ್ತು. ಸುಂದರೇಶ್ ತಾನಲ್ಲ ಎನ್ನುತ್ತಾನೆ. ಅವನೂ ಅವಳ ಕಡೆಯೇ ಇರಬಹುದು. ಆದ್ದರಿಂದ ಉತ್ತರ ಬರೆಯಬೇಡ. ಭಾವನನ್ನು ಕಾರು ಮಾಡಿಸಿ ಕಳಿಸು. ನಾನು ಇಲ್ಲಿಂದ ಬರಬೇಕು.

ಸೋಮು

*

ಮುತ್ತಿನಕೊಪ್ಪ
31 ಡಿಸೆಂಬರ್ 2023

ಸೋಮು,

ಈ ಸಲ ಮನೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ಯಾರು ಬೇಕಾದರೂ ಓದಲಿ.

ನೀನು ಆಸ್ಪತ್ರೆಯಿಂದ ಮನೆಗೆ ಬಂದೆ ಎಂದು ನಿನ್ನ ಭಾವ ಹೇಳಿದರು. ನಮ್ಮ ಮನೆಯಲ್ಲಿ ಕೊನೆಯ ದಿನ ನಡೆದದ್ದು ನಿನಗೆ ನೆನಪಿಲ್ಲವಂತೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುತ್ತೇನೆ.

ನಿನ್ನ ಭಾವ ಕಾರು ತಂದ ಭಾನುವಾರ ಅವಳು ನಿನ್ನನ್ನು ತಡೆಯಲಿಲ್ಲವಂತೆ. "ಹೊಟ್ಟೆಗೆ ಚುಚ್ಚೋ ಇಂಜೆಕ್ಷನ್ ಇನ್ನೂ ಇದೆ, ಅದಕ್ಕಾದ್ರೂ ಎನ್.ಆರ್. ಪುರಕ್ಕೆ ಕರ್ಕೊಂಡು ಹೋಗಿ. ಜ್ವರ ನೂರು ದಾಟಿದ್ರೆ ನಂಗೆ ಫೋನ್ ಮಾಡಿ, ಒಂದು ಗಳಿಗೆ ತಡ ಮಾಡ್ಬೇಡಿ" ಎಂದಳಂತೆ. ಅವರು ಬಂದು ನನಗೆ ಹೇಳಿದರು. ನನಗೆ ಕೇಳಿಸಿತು, ಚೆನ್ನಾಗಿಯೇ ಕೇಳಿಸಿತು. ನೀನು ಆ ಇಂಜೆಕ್ಷನ್ ಬೇಡ ಎಂದೆ, ನಾನೂ ಬೇಡ ಎಂದೆ. ಮೂಳೆ ನೋಯಿಸುವ ಇಂಜೆಕ್ಷನ್ ಯಾತಕ್ಕೆ? ಮೊಸರು ಬಡಿಸಿದೆ, ಹೆಸರುಬೇಳೆ ಕೋಸಂಬರಿ ಮಾಡಿದೆ. ಊರಿನವರೆಲ್ಲ ನೋಡಲು ಬಂದರು. ಎಲ್ಲರೂ ನಿನ್ನ ಹಾಸಿಗೆಯ ಮೇಲೇ ಕುಳಿತರು. ನೀನು ನಗುನಗುತ್ತ ಮಾತಾಡಿದೆ. ನಾನು ಗೆದ್ದೆ ಎಂದುಕೊಂಡೆ.

ಬುಧವಾರ ಸಂಜೆ ಮೈ ಬಿಸಿಯಾಯಿತು. ನಿನ್ನ ಭಾವ ಫೋನು ಕೈಗೆತ್ತಿಕೊಂಡರು. ನಾನು, "ಎಂತದೂ ಬೇಡ, ಸುತ್ತಾಟದ ಆಯಾಸ" ಎಂದು ಕಾಳುಮೆಣಸಿನ ಕಷಾಯ ಕೊಟ್ಟೆ. ಬೆಳಿಗ್ಗೆ ನೋಡಿದರೆ ನಿನ್ನ ಹಲ್ಲು ಕಟಕಟ ಎನ್ನುತ್ತಿತ್ತು, ತುಟಿ ನೀಲಿಗಟ್ಟಿತ್ತು. ನನ್ನನ್ನು ನೋಡಿ "ಅವ್ವಾ" ಎಂದೆ. ಅವ್ವ ಹೋಗಿ ಎಷ್ಟು ಕಾಲವಾಯಿತು. ಆಗ ಫೋನ್ ಮಾಡಿ ಎಂದೆ.

ಅವಳು ಯಜ್ಞೇಶನ ಕಾರಿನಲ್ಲಿ ಬಂದಳು. ಚಪ್ಪಲಿ ಸಹಿತ ಒಳಗೆ ಬಂದಳು. ನಿನ್ನ ಹಣೆ ಮುಟ್ಟಿ, ಮುಖದ ಬಟ್ಟೆ ಕೆಳಗೆ ಎಳೆದು, ನನ್ನ ಮುಖದ ಹತ್ತಿರ ಬಂದು, "ಅತ್ತಿಗೆ, ಜ್ವರ ಯಾವಾಗ ಬಂತು?" ಎಂದಳು. ತುಟಿ ಕಾಣುವ ಹಾಗೆ, ಬಿಡಿಬಿಡಿಸಿ.

ಇವತ್ತು ಬೆಳಿಗ್ಗೆ ಎಂಬ ಸುಳ್ಳು ಬಾಯಿಯವರೆಗೆ ಬಂತು. "ನಿನ್ನೆ ಸಂಜೆ" ಎಂದೆ.

ಒಂದು ಸಲ ನೋಡಿದಳು. ಬೈಯಲಿಲ್ಲ. "ನೀವೂ ಹತ್ತಿ" ಎಂದಳು. ನನ್ನನ್ನು ಯಾಕೆ ಕರೆಯುತ್ತಾಳೆ, ಡಾಕ್ಟರ ಎದುರು ನಿಲ್ಲಿಸಿ ಮರ್ಯಾದೆ ಕಳೆಯಲಿಕ್ಕೋ ಎಂದೇ ನನ್ನ ಯೋಚನೆ. ಶಿವಮೊಗ್ಗದವರೆಗೆ ನಿನ್ನ ತಲೆ ಅವಳ ತೊಡೆಯ ಮೇಲಿತ್ತು. ಡಾಕ್ಟರು ರಕ್ತ ನೋಡಿ, ಬಿಳಿ ಕಣ ಇಲ್ಲವೇ ಇಲ್ಲ ಎನ್ನುವಷ್ಟಿದೆ, ಸೋಂಕು ಮೈಗೆಲ್ಲ ಹತ್ತಿದೆ, ಇನ್ನೊಂದು ಹೊತ್ತು ತಡೆದಿದ್ದರೆ ಕಷ್ಟವಿತ್ತು ಎಂದರು. ಬಿಳಿ ಕಣ ಏರಿಸುವ ಇಂಜೆಕ್ಷನ್ ಯಾಕೆ ತಪ್ಪಿತು ಎಂದು ಕೇಳಿದರು. ನಾನು ಕಾದೆ. ಅವಳು, "ತಪ್ಪಿಹೋಯ್ತು ಸರ್" ಎಂದಳು. ನನ್ನ ಹೆಸರು ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಹತ್ತು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ. ಮುಂದೆಂದಾದರೂ ಹೇಳಲಿಕ್ಕೆ ಉಳಿಸಿಕೊಂಡಳೇ?

ನೋಡು, ನನಗೆ ಇನ್ನೂ ಹೀಗೆಯೇ ಯೋಚನೆ ಬರುತ್ತದೆ.

ಬಸವಮ್ಮ

*

ಕೊಪ್ಪ
11 ಜನವರಿ 2024

ಅಕ್ಕಾ,

ನಿನ್ನ ಕಾಗದವನ್ನು ಗೋದಾವರಿಯೇ ತಂದುಕೊಟ್ಟಳು. ಒಡೆದಿರಲಿಲ್ಲ. ನನ್ನ ಬೆರಳಿಗೆ ಲಕೋಟೆ ಹರಿಯಲು ಬರದೆ ಅವಳೇ ಹರಿದು ಕೊಟ್ಟು ಹೊರಗೆ ಹೋದಳು.

ಬದುಕಿದ್ದೇನೆ. ಎದ್ದು ನಿಂತರೆ ಗೋಡೆ ತಿರುಗುತ್ತದೆ. ಮೂರನೆಯ ಔಷಧಿಯನ್ನು ತಡಮಾಡಿ ಸೋಮವಾರಕ್ಕೆ ಇಟ್ಟಿದ್ದಾರೆ.

ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರು ಮಂಚದ ಪಕ್ಕ ಕುಳಿತರು. ನಿದ್ದೆ ಬರುತ್ತದೆಯೇ, ಸಿಟ್ಟು ಬರುತ್ತದೆಯೇ ಎಂದು ಕೇಳಿದರು. ಆಮೇಲೆ ಸಲೀಸಾಗಿ, "ಯಾರ ಮೇಲಾದ್ರೂ ಅನುಮಾನ ಬರುತ್ತಾ ಸೋಮನಾಥ್?" ಎಂದರು. ನಾನು ಗೋದಾವರಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಇವಳು ಮೊದಲೇ ಹೇಳಿದ್ದಾಳೆ ಎಂದು ಗೊತ್ತಾಯಿತು. ಔಷಧಿ ಹತ್ತಿಸಿದ ಮೇಲೆ ಐದು ದಿನ ನುಂಗುವ ಬಿಳಿ ಮಾತ್ರೆಗಳು ಇವೆಯಲ್ಲ, ಅವು ಸ್ಟೀರಾಯ್ಡ್ ಅಂತೆ. ಗಂಟು ಕರಗಿಸಲು ಬೇಕೇ ಬೇಕು. ಆದರೆ ಕೆಲವರಿಗೆ ಅದು ತಲೆಗೆ ಹತ್ತುತ್ತದೆಯಂತೆ. ನಿದ್ದೆ ಹೋಗುತ್ತದೆ, ಸಿಟ್ಟು ಬರುತ್ತದೆ, ಹತ್ತಿರದವರೇ ವೈರಿಗಳ ಹಾಗೆ ಕಾಣುತ್ತಾರೆ. ಇನ್ನು ಮೇಲೆ ಬೆಳಿಗ್ಗೆ ತಿಂಡಿಯಾದ ಕೂಡಲೇ ನುಂಗಿ, ನಿದ್ದೆಗೂ ಒಂದು ಮಾತ್ರೆ ಕೊಡುತ್ತೇನೆ, ತಲೆ ಕೆಟ್ಟರೆ ಮುಚ್ಚಿಡದೆ ಹೇಳಿ ಎಂದರು.

ನನಗೆ ಸಮಾಧಾನವಾಗಬೇಕಿತ್ತು. ಸಿಟ್ಟು ಬಂತು. ಮನೆಗೆ ಬಂದ ಮೇಲೆ ಕೇಳಿದೆ, "ನಂಗೆ ಹುಚ್ಚು ಅಂತ ಡಾಕ್ಟರಿಗೆ ಹೇಳಿ, ನಂಗೆ ಮಾತ್ರ ಹೇಳ್ಲಿಲ್ಲ ನೀನು."

"ಹೆಂಗೆ ಹೇಳ್ಲಿ?" ಎಂದಳು. "ನಿಮಗೆ ಅನುಮಾನ ಬರೋದು ಮಾತ್ರೆಯಿಂದ ಅಂದಿದ್ರೆ, ಮಾತ್ರೆ ಮೇಲೇ ಅನುಮಾನ ಬಂದು ಬಿಡ್ತಿದ್ರಿ. ಬಿಟ್ಟಿದ್ರೆ ಗಂಟು? ನೀವು ನನ್ನ ಬೈದ್ರೆ ಬೈರಿ, ಮಾತ್ರೆ ಹೊಟ್ಟೆಗೆ ಹೋದ್ರೆ ಸಾಕು ಅಂತ ಸುಮ್ನಿದ್ದೆ. ಯಜ್ಞೇಶಂಗೂ ಅದ್ನೇ ಹೇಳಿದ್ದು."

ತಟ್ಟೆ ಬೇರೆ ಇಟ್ಟದ್ದು, ನೀರು ಕುದಿಸಿದ್ದು, ಅಯ್ಯನವರನ್ನು, ನಿನ್ನನ್ನು ಬಾಗಿಲಲ್ಲಿ ನಿಲ್ಲಿಸಿದ್ದು ಎಲ್ಲ ಸೋಂಕಿನ ಭಯಕ್ಕೆ. ಅದು ನನಗೆ ಈಗ ಗೊತ್ತು. ಸೋಂಕು ಎಂದರೆ ಏನೆಂದು ಮೈಯೇ ಕಲಿತಿದೆ. ಕತ್ತರಿ ಎತ್ತಿಟ್ಟದ್ದು ಮಾತ್ರ ನನ್ನ ಭಯಕ್ಕೆ. ಅದನ್ನೂ ಒಪ್ಪಿಕೊಂಡಳು.

"ಅಕ್ಕನ ಕಾಗದ ಓದಿದ್ಯಾ?" ಎಂದೆ.

"ಒಂದನ್ನ. ತಟ್ಟೆದು. ಅಂಗಡೀಲಿ ನಿಮ್ಮ ಮೇಜಿನ ಮೇಲಿತ್ತು."

ನೋಡಿದೆಯಾ ಅಕ್ಕ, ಅದೊಂದು ಅನುಮಾನ ನಿಜ. ಮತ್ತೆ ಹೇಳಿದಳು, "ಓದಿದ್ಮೇಲೂ ತಟ್ಟೆ ಬೇರೆನೇ ಇಟ್ಟೆ. ನಿಮ್ಮಕ್ಕ ಬೈತಾರೆ ಅಂತ ನಿಮ್ಮನ್ನ ಸಾಯಿಸಕ್ಕಾಗುತ್ತಾ?" ಅಷ್ಟು ಹೇಳಿ ಅತ್ತಳು. ಇಷ್ಟು ತಿಂಗಳಲ್ಲಿ ನನ್ನೆದುರು ಅತ್ತದ್ದು ಅದೇ ಮೊದಲು.

ಆದರೂ ನನ್ನ ಕಷ್ಟ ಬೇರೆ. ಸೋಮವಾರದಿಂದ ಮತ್ತೆ ಐದು ದಿನ ಮಾತ್ರೆ. ಮತ್ತೆ ಅವಳ ಮುಖ ಬೇರೆಯಾಗಿ ಕಾಣುತ್ತದೆ. ಆಗ ಬರುವ ಯೋಚನೆಯಲ್ಲಿ ಮಾತ್ರೆಯದು ಯಾವುದು, ನನ್ನದು ಯಾವುದು? ಎಲ್ಲ ಮಾತ್ರೆಯದೇ ಎಂದು ಹೇಳಿಬಿಡಲೇ?

ಸೋಮು

*

ಮುತ್ತಿನಕೊಪ್ಪ
16 ಜನವರಿ 2024

ಸೋಮು,

ನಿನ್ನದನ್ನು ಮಾತ್ರೆಯ ಮೇಲೆ ಹಾಕಬಹುದು. ಡಾಕ್ಟರೇ ಹೇಳಿದ್ದಾರೆ. ನಾನು ಯಾವ ಮಾತ್ರೆಯನ್ನೂ ನುಂಗಿರಲಿಲ್ಲ.

ಮಾತ್ರೆ ನುಂಗುವ ದಿನಗಳಲ್ಲಿ ನನಗೆ ಕಾಗದ ಬರೆಯಬೇಡ. ಬರೆದರೂ ಅಂಚೆಗೆ ಹಾಕಬೇಡ. ಬಂದರೆ ನಾನು ಓದುತ್ತೇನೆ, ಓದಿದರೆ ನಂಬುತ್ತೇನೆ. ನನಗೆ ನನ್ನ ಮೇಲೆ ಅಷ್ಟು ಭರವಸೆಯಿಲ್ಲ.

ಕೆಮ್ಮು ಹೋಗಿದೆ. ಹೋಗಿದ್ದರೂ ಬರುವುದಿಲ್ಲ. ಔಷಧಿ ಮುಗಿಯಲಿ.

ಬಸವಮ್ಮ

*

ಕೊಪ್ಪ
26 ಮೇ 2024

ಅಕ್ಕಾ,

ಸ್ಕ್ಯಾನ್ ಮಾಡಿದರು. ಮೈಯಲ್ಲಿ ಎಲ್ಲೂ ಗಂಟಿಲ್ಲ ಎಂದರು. ಡಾಕ್ಟರು ಹೇಳುವಾಗ ನಾನು ಗೋದಾವರಿಯ ಮುಖವನ್ನೇ ನೋಡುತ್ತಿದ್ದೆ, ಅವಳಿಗೆ ಮೊದಲೇ ಗೊತ್ತಿತ್ತೋ ಎಂದು. ಗೊತ್ತಿರಲಿಲ್ಲ. ಅವಳ ಬಾಯಿ ತೆರೆದೇ ಇತ್ತು. ಆರೂ ಸಲದ ಔಷಧಿ ಹೇಗೋ ಕಳೆಯಿತು. ಮಾತ್ರೆಯ ದಿನಗಳಲ್ಲಿ ಅವಳು, "ಇವತ್ತು ನಾನು ಯಾರು?" ಎಂದು ಕೇಳುತ್ತಿದ್ದಳು. "ರಾಕ್ಷಸಿ" ಎನ್ನುತ್ತಿದ್ದೆ. "ಹಂಗಾದ್ರೆ ರಾಕ್ಷಸಿ ಮಾಡಿದ ಗಂಜಿ ಕುಡೀರಿ" ಎನ್ನುತ್ತಿದ್ದಳು. ಎಲ್ಲ ದಿನ ಹೀಗೆ ನಗುವಿನಲ್ಲಿ ಮುಗಿಯಲಿಲ್ಲ. ಅದನ್ನು ಬರೆಯುವುದಿಲ್ಲ.

ಅಂಗಡಿಗೆ ಹೋಗುತ್ತಿದ್ದೇನೆ. ಅಳತೆ ತೆಗೆದು, ಬಟ್ಟೆಗೆ ಗುರುತು ಹಾಕಿ ಕೊಡುತ್ತೇನೆ, ಸುಂದರೇಶ್ ಹೊಲಿಯುತ್ತಾನೆ. ಸೂಜಿಗೆ ದಾರ ಪೋಣಿಸಲು ಇನ್ನೂ ಆಗುವುದಿಲ್ಲ. ಬೆರಳು ಸರಿಹೋದರೂ ಹೋಗಬಹುದು, ವರ್ಷವೂ ಹಿಡಿಯಬಹುದು ಎಂದಿದ್ದಾರೆ. ಕೂದಲು ಬಂದಿದೆ, ಎಳೆಮಗುವಿನ ಹಾಗೆ ಗುಂಗುರು ಗುಂಗುರು.

ವಾಸಿಯಾದವನಿಗೆ ಎಂಥ ಭಯ ಎಂದು ನೀನು ಕೇಳಬಹುದು. ಏಪ್ರಿಲ್ ಸೆಕೆಗೆ ಊರೆಲ್ಲ ಬೆವರಿತು, ಹೆದರಿದವನು ನಾನೊಬ್ಬನೇ. ಸೊಳ್ಳೆ ಕಚ್ಚಿ ತುರಿಸಿದರೂ ಮತ್ತೆ ಅದೇ ತುರಿಕೆಯೇ ಎಂದು ಅಂಗಿ ಬಿಚ್ಚಿ ನೋಡುತ್ತೇನೆ. ಮೊದಲು ಅವಳ ಮೇಲೆ ಅನುಮಾನ, ಈಗ ಮೈಯ ಮೇಲೆ. ಕತ್ತು, ಕಂಕುಳು, ತೊಡೆಸಂದು ಆಗಾಗ ಮುಟ್ಟಿ ನೋಡಿಕೊಳ್ಳಿ, ಗಂಟು ಸಿಕ್ಕರೆ ತಕ್ಷಣ ಬನ್ನಿ ಎಂದಿದ್ದಾರೆ ಡಾಕ್ಟರು. ಮುಟ್ಟಿ ನೋಡಿಕೊಳ್ಳಲು ಹೋದರೆ ನನ್ನ ಬೆರಳಿಗೆ ಏನೂ ತಿಳಿಯುವುದಿಲ್ಲ ಅಕ್ಕ. ಗಂಟಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅವಳೇ ನೋಡಬೇಕು. ಬೇರೆ ಯಾರಿದ್ದಾರೆ?

ಇವತ್ತು ಬೆಳಿಗ್ಗೆ ಸ್ನಾನವಾದ ಮೇಲೆ ಹಿತ್ತಿಲ ಬಾಗಿಲಲ್ಲಿ ಬೆಳಕಿಗೆ ಕೂರಿಸಿದಳು. ಹಿಂದೆ ನಿಂತು ಎರಡೂ ಕೈಯನ್ನು ಕತ್ತಿನ ಮೇಲಿಟ್ಟಳು. ಅವಳ ಬೆರಳು ನಿಧಾನವಾಗಿ ಕಿವಿಯ ಕೆಳಗಿನಿಂದ ಇಳಿದುಬಂತು. ಎಡಗಡೆ ಒಂದು ಜಾಗದಲ್ಲಿ ನಿಂತಿತು. ಒತ್ತಿತು. ಮತ್ತೆ ಒತ್ತಿತು. ನನಗೆ ಅವಳ ಮುಖ ಕಾಣುತ್ತಿರಲಿಲ್ಲ.

"ಎಂತ?" ಎಂದೆ.

"ಇಲ್ಲೆ" ಎಂದಳು. ಗಾಬರಿಯಾದಾಗ ಅವಳ ಬಾಯಿಗೆ ಮನೆಮಾತೇ ಬರುತ್ತದೆ, ಅದರಲ್ಲಿ ಇಲ್ಲೆ ಎಂದರೆ ಇಲ್ಲ ಎಂದು. ಆಮೇಲೆ ನನ್ನ ಮಾತಿನಲ್ಲಿ ಹೇಳಿದಳು, "ಏನೂ ಇಲ್ಲ. ಹಳೇ ಹೊಲಿಗೆ ಗುರುತು."

"ಇದ್ರೆ ಹೇಳ್ತೀಯಾ?"

ಕೈ ಕತ್ತಿನ ಮೇಲೇ ಇತ್ತು.

"ಹೇಳ್ತೀನಿ. ಅವತ್ತೇ ಹೇಳ್ತೀನಿ."

ತಿರುಗಿ ಅವಳ ಕಣ್ಣು ನೋಡಿದರೆ ನಿಜವೋ ಸುಳ್ಳೋ ಗೊತ್ತಾಗುತ್ತಿತ್ತೇನೋ. ತಿರುಗಬೇಕು ಅನ್ನಿಸಿತು. ತಿರುಗಲಿಲ್ಲ. ಬಲಗಡೆಯೂ ನೋಡು ಎಂದು ಕತ್ತು ಓರೆ ಮಾಡಿ ಕುಳಿತೆ.

ಸೋಮು